ಮಲಾವಿಗೆ ಹೊರಟಿರುವ ಸಿಂಧನೂರಿನ ತಂಗಿಗೆ

ಸಿಂಧನೂರಿನ ತಂಗಿಯೊಬ್ಬಳು ಕೇಳಿದ್ದಾಳೆ. ಸಾಂತ್ವನ ಕೇಂದ್ರದಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡಿದ್ದಾಳೆ. ಈಗ ಆಫ್ರಿಕಾದ ಮಲಾವಿ ದೇಶದ ಮಂಗೋಚಿಯಲ್ಲಿ ಒಂದು ಕೌನ್ಸೆಲಿಂಗ್ ಸಂಸ್ಥೆಗೆ ಜೆಂಡರ್ ಸ್ಪೆಷಲಿಸ್ಟ್ ವಾಲಂಟಿಯರ್ ಅಂತ ಎರಡು ವರ್ಷಕ್ಕೆ ಕರೆ ಬಂದಿದೆ. ಸಂಬಳ ಇಲ್ಲ, ಖರ್ಚಿಗೆ ಕೊಡುತ್ತಾರೆ. ಹೋಗಲಾ ಬೇಡವಾ, ಊಟ ಹೇಗೆ, ಹೆಣ್ಣುಮಗಳು ಒಬ್ಬಳೇ ಇರಬಹುದಾ, ಭಾಷೆ ಬಾರದೆ ಕೌನ್ಸೆಲಿಂಗ್ ಹೇಗೆ, ಮನೆಯವರಿಗೆ ಏನು ಹೇಳೋದು, ನೀವು ಯಾಕೆ ಅಲ್ಲೇ ಉಳಿದಿರಿ ಅಕ್ಕಾರೆ, ಇಷ್ಟು ಅವಳ ಪ್ರಶ್ನೆ.

ನೋಡು ತಂಗಿ, ನಾನು ಯಲಬುರ್ಗಾ ತಾಲೂಕಿನವಳು. ಇದೇ ಕೆಲಸಕ್ಕೆ ಅಂತ ಬಂದವಳು ಈಗ ಜೊಂಬಾದಲ್ಲಿ ಮನೆ ಮಾಡಿಕೊಂಡಿದ್ದೇನೆ. 1975ರವರೆಗೆ ಇದೇ ಮಲಾವಿಯ ರಾಜಧಾನಿ, ಈಗ ಬೆಟ್ಟದ ಬುಡದ ತಣ್ಣನೆ ಊರು. ಯಾಕೆ ಉಳಿದೆ ಅನ್ನೋದು ದೊಡ್ಡ ಕಥೆ, ನೀನು ಬಂದ ಮೇಲೆ ಮಾತಾಡೋಣ.

ಮೊದಲು ದುಡ್ಡು. ವಾಲಂಟಿಯರ್ ಅಂದರೆ ಕೈಯಿಂದ ಹಾಕಿ ಮಾಡೋದಲ್ಲ. ವಿಎಸ್ಒ, ಯುಎನ್ ವಾಲಂಟಿಯರ್ಸ್ ತರಹದ ಸಂಸ್ಥೆಯವರು ವಿಮಾನದ ಟಿಕೆಟ್, ಆರೋಗ್ಯ ವಿಮೆ, ತಿಂಗಳ ಖರ್ಚು ಕೊಡುತ್ತಾರೆ, ಇರುವ ಜಾಗಕ್ಕೂ ಒಂದು ವ್ಯವಸ್ಥೆ ಇರುತ್ತದೆ. ಅದರಲ್ಲಿ ಇಲ್ಲಿ ಬದುಕಬಹುದು, ಊರಿಗೆ ಕಳಿಸೋಕೆ ಆಗಲ್ಲ. ನಿನ್ನ ಸಂಸ್ಥೆಗೆ ಒಂದೇ ಒಂದು ಮಾತು ಬರವಣಿಗೆಯಲ್ಲಿ ಕೇಳು: ಖರ್ಚಿನ ಹಣ ಡಾಲರ್ ಲೆಕ್ಕದಲ್ಲಾ, ಇಲ್ಲಿನ ದುಡ್ಡು ಕ್ವಾಚಾ ಲೆಕ್ಕದಲ್ಲಾ? 2023ರ ನವೆಂಬರ್‌ನಲ್ಲಿ ಒಂದು ಡಾಲರಿಗೆ ಸುಮಾರು 1,180 ಕ್ವಾಚಾ ಇದ್ದದ್ದನ್ನು ಇಲ್ಲಿನ ರಿಸರ್ವ್ ಬ್ಯಾಂಕ್ ಒಂದೇ ಏಟಿಗೆ 1,700 ಮಾಡಿತು. ಎಣ್ಣೆ, ಸಕ್ಕರೆ, ಡೀಸೆಲ್ ಎಲ್ಲ ಮೇಲೆ ಹೋಯಿತು. ಕ್ವಾಚಾದಲ್ಲಿ ಒಪ್ಪಂದ ಮಾಡಿಕೊಂಡಿದ್ದ ಹುಡುಗಿಯರು ತಿಂಗಳ ಕೊನೆಗೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಬರಲಿ ಬಿಡು, ನನಗೂ ಮಾತಿಗೆ ಜನ ಬೇಕಲ್ಲ.

ಊಟದ ಚಿಂತೆ ಬೇಡ. ಇಲ್ಲಿ ದಿನಾ ತಿನ್ನುವ ನ್ಸೀಮಾ ನಮ್ಮ ಸಂಗಟಿ ತರಹವೇ, ಬಿಳಿ ಮೆಕ್ಕೆಜೋಳದ ಹಿಟ್ಟಿನದ್ದು. ಕುಂಬಳದ ಎಲೆಗೆ ಶೇಂಗಾ ಪುಡಿ ಹಾಕಿ ಪಲ್ಯ ಮಾಡುತ್ತಾರೆ, ನಮ್ಮ ಕಡೆಯವರ ಬಾಯಿಗೆ ಹತ್ತುತ್ತದೆ. ಸಣ್ಣ ಒಣಮೀನು ತಿನ್ನದವಳಾದರೆ ಮೊದಲೇ ಹೇಳಿಬಿಡು. ತೊಗರಿ ಇಲ್ಲೇ ಬೆಳೆಯುತ್ತದೆ, ಇಲ್ಲಿಂದ ನಮ್ಮ ದೇಶಕ್ಕೇ ಹೋಗುತ್ತದೆ. ಗುಜರಾತಿ ಅಂಗಡಿಗಳಲ್ಲಿ ಮಸಾಲೆ, ಬೇಳೆ ಸಿಗುತ್ತವೆ. ಗುರೆಳ್ಳು ಚಟ್ನಿಪುಡಿ ಸಿಗಲ್ಲ, ಅದನ್ನು ಎಷ್ಟು ಹಿಡಿಸುತ್ತದೋ ಅಷ್ಟು ತುಂಬಿಕೊಂಡು ಬಾ. ಗವಿಮಠದ ಜಾತ್ರೆ ಹೊತ್ತಿಗೆ ಯಾರೋ ಮಿರ್ಚಿಯ ಫೋಟೊ ಕಳಿಸುತ್ತಾರೆ, ಆ ಒಂದು ದಿನ ನಾನು ಫೋನ್ ನೋಡಲ್ಲ.

ಒಬ್ಬಳೇ ಇರಬಹುದಾ ಅಂದರೆ, ಇರಬಹುದು. ಕತ್ತಲಾದ ಮೇಲೆ ನಡೆದುಕೊಂಡು ಓಡಾಡಬೇಡ. ಸೊಳ್ಳೆಪರದೆ ಕಟ್ಟದೆ ಮಲಗಬೇಡ, ಜ್ವರ ಬಂದ ದಿನವೇ ಮಲೇರಿಯಾ ಪರೀಕ್ಷೆ ಮಾಡಿಸು. ಕರೆಂಟ್ ಹೋಗುತ್ತದೆ, ಅದನ್ನು ನಿನಗೆ ಹೇಳಿಕೊಡಬೇಕಾ?

ಇನ್ನು ಕೆಲಸ. ನನ್ನ ಹೆಸರಿನ ಕೆಳಗೆ ಸ್ಪೆಷಲಿಸ್ಟ್ ಅಂತ ಬರೆದದ್ದನ್ನು ಮೊದಲ ದಿನ ನೋಡಿ ನನಗೇ ನಗು ಬಂತು. ಕೊಪ್ಪಳದ ಹಳ್ಳಿಗಳಲ್ಲಿ ನಾವು 'ಸಂಘದ ಮೇಡಮ್ಮೋರು', ಅಷ್ಟೇ. ಇಲ್ಲಿ ನಿನ್ನನ್ನು ಕರೆಸುವುದು ಹೆಂಗಸರ ಎದುರು ಕೂತು ಕಣ್ಣೀರು ಒರೆಸೋಕಲ್ಲ. ಅದನ್ನು ಮಾಡೋಕೆ ಇಲ್ಲಿನ ಕೌನ್ಸೆಲರ್‌ಗಳಿದ್ದಾರೆ, ನಿನಗಿಂತ ಚೆನ್ನಾಗಿ ಮಾಡುತ್ತಾರೆ. ಅವರಿಗೆ ತರಬೇತಿ ಕೊಡೋದು, ಕೇಸಿನ ಫಾರಂ ತಿದ್ದೋದು, ಹೊಡೆತ ತಿಂದವಳನ್ನು 'ಹೊಂದಿಕೊಂಡು ಹೋಗವ್ವ' ಅಂತ ವಾಪಸ್ ಕಳಿಸುತ್ತಿದ್ದಾರಾ ಅಂತ ನೋಡೋದು, ಪೊಲೀಸ್ ಠಾಣೆಯ ವಿಕ್ಟಿಮ್ ಸಪೋರ್ಟ್ ಯೂನಿಟ್ ಮತ್ತು ಜಿಲ್ಲಾ ಆಸ್ಪತ್ರೆಯ ಜೊತೆ ಕೊಂಡಿ ಹಾಕೋದು, ದುಡ್ಡು ಕೊಟ್ಟವರಿಗೆ ರಿಪೋರ್ಟ್ ಬರೆಯೋದು, ಇದು ನಿನ್ನ ಕೆಲಸ. ನಮ್ಮ ಸಖಿ ಕೇಂದ್ರದ ತರಹ ಆಸ್ಪತ್ರೆಯಲ್ಲೇ ಎಲ್ಲ ಒಂದು ಕಡೆ ಸಿಗುವ ಕೇಂದ್ರಗಳು ಇಲ್ಲೂ ಇವೆ. ರಿಪೋರ್ಟೇ ಜಾಸ್ತಿ ಅನ್ನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಕಾನೂನು ಮುಂಚೆಯೇ ಓದಿಕೊಂಡು ಬಾ. ಮನೆಯೊಳಗಿನ ಹಿಂಸೆ ತಡೆಯುವ ಇಲ್ಲಿನ ಕಾಯ್ದೆ 2006ರದ್ದು, ನಮ್ಮದು 2005ರದ್ದು, ಒಂದೇ ಕಾಲದವು. ಮದುವೆಯ ಹೊಸ ಕಾಯ್ದೆ 2015ರಲ್ಲಿ ಬಂತು. ಆಗಲೂ ಸಂವಿಧಾನದಲ್ಲಿ ಹದಿನೈದರಿಂದ ಹದಿನೆಂಟರ ಹುಡುಗಿಗೆ ತಂದೆತಾಯಿ ಒಪ್ಪಿದರೆ ಮದುವೆ ಅನ್ನುವ ಕಿಂಡಿ ಉಳಿದಿತ್ತು, ಅದನ್ನು 2017ರಲ್ಲಿ ಮುಚ್ಚಿದರು. ಅದಕ್ಕೂ ಮುಂಚೆ ಡೆಡ್ಜಾ ಜಿಲ್ಲೆಯಲ್ಲಿ ತೆರೇಸಾ ಕಚಿಂದಮೋಟೊ ಅನ್ನುವ ಹೆಣ್ಣು ಮುಖಂಡರು ತಮ್ಮ ಸೀಮೆಯ ನೂರಾರು ಬಾಲ್ಯವಿವಾಹ ರದ್ದು ಮಾಡಿಸಿದ್ದರು. ನಮ್ಮಲ್ಲಿ ಅಧಿಕಾರಿ, ಪೊಲೀಸು, ಮಕ್ಕಳ ಸಹಾಯವಾಣಿ 1098 ಅಂತ ಓಡಾಡಿ ಒಂದು ಮದುವೆ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಗುಡಿಯಲ್ಲಿ ತಾಳಿ ಕಟ್ಟಿಸಿರುತ್ತಾರೆ, ನಿನಗೆ ಗೊತ್ತಿರುವುದೇ.

ಭಾಷೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಹಳ್ಳಿಯಲ್ಲಿ ಚಿಚೇವಾ, ಮಂಗೋಚಿ ಕಡೆ ಚಿಯಾವೊ ಕೂಡ. ಇಲ್ಲೂ ನೀನು, ನೀವು ಬೇರೆ ಬೇರೆ ಇವೆ, ದೊಡ್ಡ ಹೆಂಗಸನ್ನು ಅಮಾಯಿ ಅನ್ನಬೇಕು. ಇಷ್ಟು ಬಂದರೆ ಬಾಗಿಲು ತೆರೆಯುತ್ತದೆ. ಆದರೆ ಒಳಗಿನ ಮಾತಿಗೆ ನಿನಗೆ ಅನುವಾದ ಮಾಡುವವರು ಬೇಕೇ ಬೇಕು. ಅವರು ಯಾರು ಅಂತ ನೀನೇ ವಿಚಾರಿಸು, ಯಾರೋ ಕಳಿಸಿದವರನ್ನು ಕೂರಿಸಿಕೊಳ್ಳಬೇಡ. ಒಂದು ಸಲ ಒಬ್ಬಳು ತುಂಬಾ ಹೊತ್ತು ಮಾತಾಡಿದಳು, ಕೈ ಮಾಡಿ ತೋರಿಸಿದಳು, ಅನುವಾದ ಬಂದದ್ದು 'ಗಂಡ ಸರಿ ಇಲ್ಲವಂತೆ' ಅಂತ ಮಾತ್ರ. ಆಮೇಲೆ ಗೊತ್ತಾಯಿತು, ಅನುವಾದ ಮಾಡಿದವನು ಆ ಗಂಡನ ದಾಯಾದಿ. ಸಣ್ಣ ಊರು ಅಂದಮೇಲೆ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು, ನಮ್ಮ ಹಾಗೆಯೇ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಉಳಿದದ್ದೆಲ್ಲ ನಿನಗೆ ಹೇಗೂ ಗೊತ್ತಾಗುತ್ತದೆ.

ದಕ್ಷಿಣ ಮತ್ತು ಮಧ್ಯ ಮಲಾವಿಯ ಹೆಚ್ಚಿನ ಕಡೆ ವಂಶ ತಾಯಿ ಕಡೆಯಿಂದ ಹೋಗುತ್ತದೆ. ಮಂಗೋಚಿಯ ಯಾವೊ ಜನರಲ್ಲಿ ಹೆಚ್ಚಿನವರು ಮುಸ್ಲಿಮರು, ಅವರಲ್ಲೂ ಹೀಗೇ. ಹೊಲ ತಾಯಿಯಿಂದ ಮಗಳಿಗೆ. ಮದುವೆಯಾದರೆ ಗಂಡ ಹೆಂಡತಿಯ ಊರಿಗೆ ಬಂದು ಇರುತ್ತಾನೆ. ಇದನ್ನು ಕೇಳಿ, ಅಬ್ಬಾ ಹೆಂಗಸರ ರಾಜ್ಯ ಅಂದುಕೊಳ್ಳಬೇಡ, ಮಾತು ನಡೆಯುವುದು ಅವಳ ಸೋದರಮಾವನದ್ದು. ಪ್ರತಿ ಮದುವೆಗೆ ಎರಡೂ ಕಡೆಯಿಂದ ಅಂಖೋಸ್ವೆ ಅಂತ ಮದುವೆಯ ಹೊಣೆ ಹೊತ್ತವರು ಇರುತ್ತಾರೆ, ಹೆಣ್ಣಿನ ಕಡೆಯಿಂದ ಸಾಮಾನ್ಯವಾಗಿ ಅವಳ ತಾಯಿಯ ಅಣ್ಣ ಅಥವಾ ತಮ್ಮ. ಗಂಡ ಹೊಡೆದ, ಜೋನಿಗೆ ದುಡಿಯೋಕೆ ಹೋದವನು ದುಡ್ಡು ಕಳಿಸಲಿಲ್ಲ, ಇನ್ನೊಬ್ಬಳನ್ನು ಇಟ್ಟುಕೊಂಡ, ಏನೇ ಇರಲಿ, ದೂರು ಮೊದಲು ಆ ಸೋದರಮಾವನ ಹತ್ತಿರ. ಜೋನಿ ಅಂದರೆ ದಕ್ಷಿಣ ಆಫ್ರಿಕಾ, ನಮ್ಮವರು ಬೆಂಗಳೂರು, ಗೋವಾ ಅಂತ ಗುಳೆ ಹೋಗುತ್ತಾರಲ್ಲ, ಇವರು ಅಲ್ಲಿಗೆ ಹೋಗುತ್ತಾರೆ. ನಮ್ಮ ಊರ ದೈವದವರು ಕೂತು ನ್ಯಾಯ ಮಾಡುವಾಗ ಹೆಣ್ಣಿನ ಕಡೆ ಯಾರು ಅಂತ ಹುಡುಕಬೇಕಾಗುತ್ತದೆ, ಇಲ್ಲಿ ಅದು ಮದುವೆಯ ದಿನವೇ ಗೊತ್ತಾಗಿರುತ್ತದೆ. ಆ ಮಾವ ಕುಡುಕನಾದರೆ, ಅಳಿಯನ ಹತ್ತಿರ ಸಾಲ ಮಾಡಿದ್ದರೆ, ಅವಳ ಗತಿ ಮುಗಿಯಿತು. ಆಗಲೇ ಅವರು ನಮ್ಮ ಆಫೀಸಿಗೆ ಬರೋದು. ಉತ್ತರಕ್ಕೆ, ಮ್ಜುಜು ಕಡೆಗೆ ಹಾಕಿದರೆ ಎಲ್ಲ ತಿರುಗುಮುರುಗು, ಅಲ್ಲಿ ತೆರ ಕೊಟ್ಟು ಹೆಣ್ಣನ್ನು ಗಂಡನ ಮನೆಗೆ ಕರೆದೊಯ್ಯುತ್ತಾರೆ.

ಬಂದ ಹೊಸತರಲ್ಲಿ ಒಂದು ತರಬೇತಿ. ಪರಸ್ಪರ ಮನೆತನ ಹೇಳಿಕೊಳ್ಳುತ್ತಿದ್ದೆವು. ನಮ್ಮ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದೇವೆ ಅಂತ ನಾನು ಸಹಜವಾಗಿ ಹೇಳಿದೆ. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಇವರಿಗೆ ಸೋದರಮಾವ ಅಂದರೆ ತಂದೆಗಿಂತ ಹೆಚ್ಚು, ಅವನನ್ನು ಮದುವೆಯಾಗೋದು ಬಾಯಲ್ಲಿ ಆಡುವ ಮಾತಲ್ಲ. ಜೆಂಡರ್ ಹೇಳಿಕೊಡೋಕೆ ಬಂದವಳ ಮನೆಯಲ್ಲೇ ಹೀಗಾ ಅಂತ ಕೆಲವರು ನಕ್ಕರು. ನಾನು ಕಾನೂನು ಹೇಳಿದೆ, 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧ ಬೇಡ ಅಂದರೂ ರೂಢಿ ಇದ್ದ ಕಡೆ ನಡೆಯುತ್ತದೆ, ಆಸ್ತಿ ಒಡೆಯಲ್ಲ, ಮಗಳು ಅಜ್ಜಿಯ ಮನೆಯಲ್ಲೇ ಇರುತ್ತಾಳೆ, ಅತ್ತೆಯ ಕಾಟ ಇಲ್ಲ ಅಂತೆಲ್ಲ. ಒಬ್ಬ ವಯಸ್ಸಾದ ಕೌನ್ಸೆಲರ್ ಮಾತ್ರ ನಗಲಿಲ್ಲ. ಅವರು ಕೇಳಿದ್ದು ಇಷ್ಟೇ: 'ಹಾಗಾದರೆ ಅವನು ಹೊಡೆದಾಗ ಅವಳ ಪರ ಮಾತಾಡೋಕೆ ಯಾರು ಬರುತ್ತಾರೆ?'

ತಂಗಿ, ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕ ಒಂದು ಸಂಜೆ ಗಂಟು ಹಿಡಿದು ತವರಿಗೆ ಬಂದಿದ್ದಳು, ನಾನಾಗ ಹೈಸ್ಕೂಲು. ಅವ್ವ ಊಟಕ್ಕೆ ಹಾಕಿದಳು. 'ಅವ ನನ್ನ ತಮ್ಮ, ಅವನ ಗುಣ ನನಗ ಗೊತ್ತಿಲ್ಲೇನು' ಅಂದಳು. ಬೆಳಿಗ್ಗೆ ಅಪ್ಪ ಬಿಟ್ಟು ಬಂದ. ಬೇರೆ ಮನೆಗೆ ಕೊಟ್ಟಿದ್ದರೆ ಇದೇ ಮಾವ ನಾಲ್ಕು ಜನ ಕಟ್ಟಿಕೊಂಡು ಹೋಗಿ ಅಳಿಯನನ್ನು ಕೇಳುತ್ತಿದ್ದ. ಅಜ್ಜಿಯೇ ಅತ್ತೆ, ಮಾವನೇ ಗಂಡ, ತವರು ಯಾವುದು ಗಂಡನ ಮನೆ ಯಾವುದು? ಅವಳು ಮತ್ತೆ ಬರಲಿಲ್ಲ. ಬರಲಿಲ್ಲ ಅಂದರೆ ಸುಖವಾಗಿದ್ದಾಳೆ ಅಂತ ಎಲ್ಲರೂ ತಿಳಿದರು.

ಊರಲ್ಲಿದ್ದಷ್ಟು ವರ್ಷ ಆ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ, ಸಂಘದಲ್ಲೂ ಬರಲಿಲ್ಲ, ಬಂದಾಗ ನಾನು ಸಮುದ್ರದ ಈಚೆ. ಈಗ ಫೋನ್ ಮಾಡಿದರೆ ಮಾಮನೇ ಎತ್ತುತ್ತಾನೆ. 'ಚಲೋ ಅದೀಯೇನವ್ವ' ಅಂತ ಪ್ರೀತಿಯಿಂದಲೇ ಕೇಳುತ್ತಾನೆ, ನನ್ನನ್ನು ಎತ್ತಿ ಆಡಿಸಿದವನು ತಾನೇ. ಅಕ್ಕ ಪಕ್ಕದಲ್ಲಿ ಕೂತು ಮಳೆ, ಬೆಳೆ, ಯಾರ ಮನೆಯ ಮದುವೆ ಅಂತ ಹೇಳುತ್ತಾಳೆ. ಊರಿಗೆ ಹೋದರೆ ಮನೆ ತುಂಬಾ ಜನ, ಫಾರಿನ್ ಚಿಗವ್ವ ಬಂದಳು ಅಂತ ಹುಡುಗರೆಲ್ಲ ಸುತ್ತ ಕೂರುತ್ತವೆ. ಊರೂರಿನ ಹೆಂಗಸರ ಕಷ್ಟ ಕೇಳುವವಳು ಅಂತ ನನಗೆ ಹೆಸರು, ಅವಳೊಬ್ಬಳನ್ನು ಒಂಟಿಯಾಗಿ ಕೂರಿಸಿ ಕೇಳೋಕೆ ಇವತ್ತಿಗೂ ಆಗಿಲ್ಲ. ಇದು ಹೋಗಲ್ಲ, ಒಳಗೇ ಇರುತ್ತದೆ.

ಹೊರಡುವ ಮುಂಚೆ ನಿನ್ನ ಕೇಂದ್ರದ ರಿಜಿಸ್ಟರ್ ತೆಗೆದು ನೋಡು. ಗಂಡನ ಹೆಸರು, ವಯಸ್ಸು, ಕುಡಿಯುತ್ತಾನಾ ಅಂತ ಬರೆದಿರುತ್ತೀರಿ. ಮದುವೆಗೆ ಮುಂಚೆ ಅವನು ಅವಳಿಗೆ ಏನಾಗಬೇಕಿತ್ತು ಅಂತ ಬರೆಯೋಕೆ ಜಾಗ ಇದೆಯಾ? ಇಲ್ಲದಿದ್ದರೆ ಹಾಕಿಸಿಯೇ ಬಾ, ಅಲ್ಲಿ ಉಳಿಯುವವರಿಗೆ ಕೆಲಸಕ್ಕೆ ಬರುತ್ತದೆ. ಇಲ್ಲಿನ ಫಾರಂಗಳೂ ಎಲ್ಲೋ ಲಂಡನ್ನಿನ ಕಡೆ ತಯಾರಾದವು, ಅವುಗಳಲ್ಲಿ ಅಂಖೋಸ್ವೆ ಯಾರು ಅಂತ ಕೇಳಿರಲ್ಲ. ನಮ್ಮ ಸಂಸ್ಥೆಯಲ್ಲಿ ಆ ಒಂದು ಸಾಲು ಸೇರಿಸಲು ಜಗಳವಾಡಿದ್ದು ನಾನು. ಹೆಮ್ಮೆ ಅಂದರೆ ಹೆಮ್ಮೆ ಅನ್ನು.

ಇನ್ನೊಂದು. ಇಲ್ಲಿನ ಹೆಂಗಸರು ದೊಡ್ಡವರಿಗೆ, ಗಂಡಸರಿಗೆ ನಮಸ್ಕಾರ ಹೇಳುವಾಗ, ಊಟ ಕೊಡುವಾಗ ಮೊಣಕಾಲೂರುತ್ತಾರೆ. ಮೊದಲ ವಾರವೇ ಅದರ ಮೇಲೆ ಭಾಷಣ ಮಾಡಬೇಡ. ನಾವೂ ಹಬ್ಬದ ದಿನ ಗಂಡನ ಕಾಲಿಗೆ ಬೀಳುವ ಊರಿನಿಂದಲೇ ಬಂದವರು. ಎಚ್‌ಐವಿ ಬಗ್ಗೆ ಇಲ್ಲಿ ನಮ್ಮಲ್ಲಿಗಿಂತ ಬಿಚ್ಚಿ ಮಾತಾಡುತ್ತಾರೆ. ಸೋಂಕಿರುವ ಎಲ್ಲ ಬಸುರಿಯರಿಗೂ ಜೀವನಪೂರ್ತಿ ಮಾತ್ರೆ ಅನ್ನುವ ಪದ್ಧತಿಯನ್ನು 2011ರಲ್ಲಿ ಜಗತ್ತಿನಲ್ಲೇ ಮೊದಲು ಶುರು ಮಾಡಿದ ದೇಶ ಇದು. ಬಡ ದೇಶ ಅಂತ ಕನಿಕರದಿಂದ ಬರಬೇಡ.

ಮನೆಯವರಿಗೆ ಏನು ಹೇಳೋದು? ಸಂಬಳ ಇಲ್ಲ ಅನ್ನೋದನ್ನು ಮುಚ್ಚಬೇಡ, ಅದೊಂದು ಮುಚ್ಚಿದರೆ ವಾಪಸ್ ಬಂದಾಗ ದುಡ್ಡೆಲ್ಲಿ ಅಂತ ಕೇಳುತ್ತಾರೆ. ಸಂಬಂಧಿಕರು ಹೇಗೂ ನಂಬಲ್ಲ. ಫಾರಿನ್ ಅಂದರೆ ದುಡ್ಡು ಅಂತಲೇ ಅವರ ಲೆಕ್ಕ. ಯಾರಿಗೂ ಸಾಲ ಕೊಡುತ್ತೇನೆ ಅಂತ ಬಾಯಿ ಬಿಡಬೇಡ. ನಿನ್ನ ಯಜಮಾನರು ಏನಂತಾರೆ ಅಂತ ನೀನು ಬರೆದಿಲ್ಲ, ನಾನೂ ಕೇಳಲ್ಲ.

ಹೋಗಲಾ ಬೇಡವಾ ಅಂದರೆ, ಹೋಗು ಅಂತಲೇ ನಾನು ಹೇಳೋದು. ಆದರೆ ಅಲ್ಲಿ ಯಾರ ಜೊತೆಗಾದರೂ ಮಾತಾಡೋದು ಬಾಕಿ ಇದ್ದರೆ ಮುಗಿಸಿಕೊಂಡು ಬಾ, ಫೋನಿನಲ್ಲಿ ಆಗಲ್ಲ. ಸೇರುವ ತಿಂಗಳು ನಿನ್ನ ಕೈಯಲ್ಲಿದ್ದರೆ ಮೇ ಅಂತ ಬರೆ. ಆಗ ಮಳೆ ನಿಂತಿರುತ್ತದೆ, ಮೆಕ್ಕೆಜೋಳ ಮನೆಗೆ ಬಂದಿರುತ್ತದೆ, ಹೆಂಗಸರಿಗೆ ಕೂತು ಮಾತಾಡೋಕೆ ಪುರುಸೊತ್ತು ಇರುತ್ತದೆ. ಜನವರಿ, ಫೆಬ್ರುವರಿಯಲ್ಲಿ ಕಾಳು ಮುಗಿದು ಮನೆಮನೆಯಲ್ಲೂ ಜಗಳ, ಹೊಸಬಳಿಗೆ ಅದು ಕಷ್ಟ. ಜೂನ್, ಜುಲೈ ಇಲ್ಲಿ ಚಳಿಗಾಲ, ಸ್ವೆಟರ್ ಹಾಕಿಕೊಂಡು ಬಾ. ರಾಯಚೂರಿನ ಬಿಸಿಲಲ್ಲಿ ಬೆಳೆದವಳು ನೀನು, ನನಗಿಂತ ಹೆಚ್ಚು ನಡುಗುತ್ತೀಯ.