ಮಗನಿಗೆ ಸಿನಿಮಾ ಹೀರೋ ಹುಚ್ಚು ಜಾಸ್ತಿಯಾಗಿದೆ, ಏನು ಮಾಡಲಿ?

ನೀವು ಕೇಳಿರೋದು ಇಷ್ಟು: ಮಗ ಸೆಕೆಂಡ್ ಪಿಯುಸಿ. ಒಬ್ಬ ಹೀರೋನ ಅಭಿಮಾನಿ ಸಂಘ ಸೇರಿದ್ದಾನೆ. ಕೈಗೆ ಕೊಟ್ಟ ದುಡ್ಡೆಲ್ಲ ಬ್ಯಾನರ್‌ಗೆ ಹೋಗುತ್ತಿದೆ. ರಾತ್ರಿ ಫೋನ್ ಹಿಡಿದು ಬೇರೆ ಹೀರೋ ಫ್ಯಾನ್ಸ್ ಜೊತೆ ಜಗಳ. ಬಾಸ್ ಹುಟ್ಟುಹಬ್ಬಕ್ಕೆ ಬೆಂಗಳೂರಿಗೆ ಹೋಗ್ತೀನಿ ಅಂತ ಹಟ ಬೇರೆ. ಈ ಸ್ಟಾರ್‌ಗಳಿಂದ ಹುಡುಗರು ಕೆಡುತ್ತಾರಾ, ಅವನನ್ನು ಕಳಿಸಬೇಕಾ ಅಂತ ಕೇಳಿದ್ದೀರಿ.

ನಾನು ಮನಶ್ಶಾಸ್ತ್ರ ಓದಿದವನಲ್ಲ ಮೇಡಂ. ದಾವಣಗೆರೆಯಲ್ಲಿ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಮಾಡುತ್ತಿದ್ದವನು. (ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ಸರ್ಕಾರ 2016ರಲ್ಲೇ ನಿಷೇಧ ಮಾಡಿದೆ. ನಿಮ್ಮೂರ ಸರ್ಕಲ್‌ನಲ್ಲಿ ಒಮ್ಮೆ ನಿಂತು ನೋಡಿ, ನಗು ಬರುತ್ತದೆ.) ನಿಮ್ಮ ಮಗನ ವಯಸ್ಸಿನ ಹುಡುಗರು ಗುಂಪಾಗಿ ಬಂದು ನನ್ನ ಕುರ್ಚಿ ಹಿಂದೆ ನಿಲ್ಲುತ್ತಿದ್ದರು. ಅಲ್ಲಿ ಕಂಡದ್ದರ ಮೇಲೆ ಹೇಳುತ್ತೇನೆ.

ಹೀರೋ ಫೋಟೊ ಆರಿಸೋಕೆ ಅವರಿಗೆ ಐದು ನಿಮಿಷ ಸಾಕು. ಯಾವುದಾದರೂ ಹೊಸ ಪೋಸ್ಟರ್, ಹಿಂದೆ ಒಂದಿಷ್ಟು ಬೆಂಕಿ, ಒಂದು ಸಿಂಹ, ಮುಗೀತು. ಆಮೇಲೆ ಶುರು ಅಸಲಿ ಕೆಲಸ. ಕೆಳಗಡೆ ‘ಶುಭ ಕೋರುವವರು’ ಅಂತ ಸಾಲು ಇರುತ್ತದಲ್ಲ, ಅದಕ್ಕೆ ಗಂಟೆಗಟ್ಟಲೆ. ಯಾರ ಫೋಟೊ ಎಷ್ಟು ದೊಡ್ಡದು, ಯಾರು ಹೀರೋ ಪಕ್ಕ, ಯಾರು ಮೂಲೆಗೆ. ಜಾಸ್ತಿ ದುಡ್ಡು ಹಾಕಿದವನಿಗೆ ಕೈಮುಗಿದು ನಿಂತ ಫುಲ್ ಫೋಟೊ. ಕಡಿಮೆ ಹಾಕಿದವನಿಗೆ ಒಂದು ಸಣ್ಣ ವೃತ್ತದೊಳಗೆ ಮುಖ. ಬೇರೆಯವರು ಟೀ ಕುಡಿಯೋಕೆ ಹೋದಾಗ ಒಬ್ಬ ಹಿಂದೆ ಉಳಿದು ಮೆಲ್ಲಗೆ ಕೇಳುತ್ತಿದ್ದ, ‘ಅಣ್ಣಾ, ನಂದು ಅವನಿಗಿಂತ ಸ್ವಲ್ಪ ದೊಡ್ಡದು ಮಾಡಣ್ಣ.’ ಪ್ರತಿ ಗುಂಪಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಿದ್ದ.

ಕಾಲೇಜಿನಲ್ಲಿ ಕೊನೇ ಬೆಂಚು, ಮನೆಯಲ್ಲಿ ದಿನಾ ಬೈಗುಳ. ಅಂಥ ಹುಡುಗನ ಮುಖ ಒಂದು ವಾರ ಬಸ್ ಸ್ಟ್ಯಾಂಡ್ ಎದುರು ನಿಲ್ಲುತ್ತದೆ. ಹೆಸರಿನ ಕೆಳಗೆ ‘ಉಪಾಧ್ಯಕ್ಷರು’ ಅಂತ ಬೇರೆ. ಹದಿನೇಳು ವರ್ಷದವನಿಗೆ ಇನ್ನೆಲ್ಲಿ ಸಿಗುತ್ತದೆ ಹೇಳಿ?

ಹಾಗಾಗಿ ನನ್ನ ಉತ್ತರ: ಸ್ಟಾರ್ ನಿಮ್ಮ ಮಗನನ್ನು ಕೆಡಿಸುವುದು ನೀವು ಅಂದುಕೊಂಡಷ್ಟಿಲ್ಲ. ಸ್ಟಾರ್ ಹೆಸರಲ್ಲಿ ಸೇರಿರುವ ಆ ಹತ್ತು ಹುಡುಗರ ಗುಂಪು ಅವನನ್ನು ಏನು ಬೇಕಾದರೂ ಮಾಡಬಹುದು. ಕೆಟ್ಟದ್ದೂ ಹೌದು, ಒಳ್ಳೆಯದೂ ಹೌದು.

ಕೆಟ್ಟದ್ದಕ್ಕೆ ಗದಗ ಜಿಲ್ಲೆಯ ಸೂರಣಗಿ ನೆನಪಿಸಿಕೊಳ್ಳಿ. ಲಕ್ಷ್ಮೇಶ್ವರ ತಾಲ್ಲೂಕಿನ ಹಳ್ಳಿ. 2024ರ ಜನವರಿ 8, ಯಶ್ ಹುಟ್ಟುಹಬ್ಬ. ನಡುರಾತ್ರಿ ಕಟೌಟ್ ನಿಲ್ಲಿಸುವಾಗ ಅದು ಕರೆಂಟ್ ತಂತಿಗೆ ತಾಗಿ ಮೂವರು ಹುಡುಗರು ಸತ್ತರು. ಇಪ್ಪತ್ತರ ಆಸುಪಾಸಿನವರು. ಆ ಸಲ ಹುಟ್ಟುಹಬ್ಬಕ್ಕೆ ತಾನು ಊರಲ್ಲಿ ಇರಲ್ಲ, ಯಾರನ್ನೂ ಭೇಟಿ ಮಾಡೋಕೆ ಆಗಲ್ಲ ಅಂತ ಯಶ್ ಮೊದಲೇ ತಿಳಿಸಿದ್ದರು. ಸುದ್ದಿ ಗೊತ್ತಾದ ಮೇಲೆ ಅವತ್ತೇ ಹಳ್ಳಿಗೆ ಬಂದು ಆ ಮನೆಯವರನ್ನು ಕಂಡರು. ಬ್ಯಾನರ್ ಕಟ್ಟೋದು, ಬೈಕಿನಲ್ಲಿ ಬೆನ್ನು ಹತ್ತೋದು ಬೇಡ ಅಂತ ಕೇಳಿಕೊಂಡರು. ಆಮೇಲೂ ಕಟೌಟ್ ನಿಂತಿಲ್ಲವಾ? ನಿಂತಿದೆ. ಪಕ್ಕದ ಊರಿನವರು ಇಪ್ಪತ್ತಡಿ ನಿಲ್ಲಿಸಿದರೆ ನಾವು ಇಪ್ಪತ್ತೈದು ಅನ್ನೋದು ಹುಡುಗರ ನಡುವಿನ ಲೆಕ್ಕ. ಅಲ್ಲಿ ಬಾಸ್ ಮಾತೇ ನಡೆಯಲ್ಲ.

ಫೋನ್ ಜಗಳದ ವಿಷಯ ಇದಕ್ಕಿಂತ ಗಂಭೀರವಾಗಿ ತಗೊಳ್ಳಿ. 2025ರ ಜುಲೈನಲ್ಲಿ ನಟಿ ರಮ್ಯಾ ಒಂದು ಕೇಸಿನ ಬಗ್ಗೆ ಪೋಸ್ಟ್ ಹಾಕಿದ್ದಕ್ಕೆ ಒಬ್ಬ ನಟನ ಅಭಿಮಾನಿಗಳು ಅಂತ ಹೇಳಿಕೊಂಡವರು ಅಶ್ಲೀಲ ಮೆಸೇಜ್, ಬೆದರಿಕೆ ಕಳಿಸಿದರು. ರಮ್ಯಾ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಫೇಕ್ ಅಕೌಂಟ್ ಅಂತ ಧೈರ್ಯದಲ್ಲಿದ್ದವರನ್ನು ಪೊಲೀಸರು ಹುಡುಕಿ ಹಿಡಿದರು. ಒಬ್ಬನೇ ಇದ್ದರೆ ಯಾವ ಹುಡುಗನೂ ಒಬ್ಬ ಹೆಂಗಸಿಗೆ ಹಾಗೆ ಬರೆಯಲ್ಲ ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿ ‘ಹೆಂಗೆ ಕೊಟ್ಟೆ ನೋಡು’ ಅನ್ನೋಕೆ ಬರೆಯುವವರೇ ಜಾಸ್ತಿ. ಹಳೇ ಹುಡುಗರು ಈಗಲೂ ನನಗೆ ಅಂಥದ್ದನ್ನು ಹೆಮ್ಮೆಯಿಂದ ಕಳಿಸುತ್ತಾರೆ.

ಇನ್ನು ಒಳ್ಳೆಯದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು, 46ನೇ ವಯಸ್ಸಿಗೆ. ಅಪ್ಪ ರಾಜ್‌ಕುಮಾರ್ 1994ರಲ್ಲಿ ನಾರಾಯಣ ನೇತ್ರಾಲಯದ ನೇತ್ರ ಬ್ಯಾಂಕ್ ಶುರುವಾದಾಗಲೇ ಇಡೀ ಮನೆಯವರ ಕಣ್ಣು ದಾನ ಅಂತ ಮಾತು ಕೊಟ್ಟಿದ್ದರು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣು ದಾನವಾಯಿತು, ಆಮೇಲೆ ಪಾರ್ವತಮ್ಮ ಅವರದ್ದು, ಆಮೇಲೆ ಅಪ್ಪು ಅವರದ್ದು. ಅಪ್ಪು ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಈ ಸುದ್ದಿ ಹರಡಿದ ಮೇಲೆ ನೇತ್ರದಾನಕ್ಕೆ ಹೆಸರು ಕೊಡುವವರ ಸಾಲು ಹೇಗೆ ಬೆಳೆಯಿತು ಅಂತ ನಿಮಗೂ ನೆನಪಿರಬಹುದು.

ನಾನು ಕಂಡದ್ದು ಅದರ ಇನ್ನೊಂದು ಮುಖ. ಅದೇ ಹುಡುಗರು, ಅದೇ ಅಂಗಡಿ, ಅದೇ ‘ನಂದು ದೊಡ್ಡದು ಮಾಡಣ್ಣ’. ಮೇಲೆ ಬರೆಸುವ ಮಾತು ಮಾತ್ರ ಬೇರೆ: ನೇತ್ರದಾನ ನೋಂದಣಿ, ರಕ್ತದಾನ ಶಿಬಿರ, ಅನ್ನಸಂತರ್ಪಣೆ. ಆ ಊರು ನೂರು ಜನರಿಂದ ಫಾರ್ಮ್ ತುಂಬಿಸಿದರೆ ನಾವು ಇನ್ನೂರು! ಅವರ ಸ್ವಭಾವ ಏನೂ ಬದಲಾಗಿರಲಿಲ್ಲ. ಗುಂಪಿನಲ್ಲಿ ಯಾವುದಕ್ಕೆ ಮರ್ಯಾದೆ ಅನ್ನೋದು ಬದಲಾಗಿತ್ತು, ಅಷ್ಟೇ. ಹೆಸರು ಕೊಟ್ಟವರಲ್ಲಿ ಎಷ್ಟೋ ಜನ ಮನೆಯಲ್ಲಿ ಹೇಳಿಯೇ ಇರಲ್ಲ ಅನ್ನೋದು ಬೇರೆ ಮಾತು. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರೇ ಫೋನ್ ಮಾಡಿ ಒಪ್ಪಿಗೆ ಕೊಡಬೇಕು. ಬರೀ ಸರ್ಟಿಫಿಕೇಟ್ ಇದ್ದರೆ ಸಾಲದು.

ಹಾಗಾದರೆ ಸ್ಟಾರ್‌ಗಳದ್ದು ತಪ್ಪೇ ಇಲ್ವಾ ಅಂದರೆ, ಇದೆ. ಜಾಹೀರಾತಿನಲ್ಲಿ. ಅಲ್ಲಿ ಗುಂಪು, ಸಂಘ ಏನೂ ಇಲ್ಲ. ದುಡ್ಡು ತಗೊಂಡು ನೇರವಾಗಿ ನಿಮ್ಮ ಮಗನ ಕಣ್ಣಲ್ಲಿ ಕಣ್ಣಿಟ್ಟು ‘ಇದನ್ನು ತಗೋ’ ಅನ್ನುತ್ತಾರೆ. ಗುಟ್ಕಾ ಕಂಪನಿಯ ಹೆಸರಲ್ಲಿ ಏಲಕ್ಕಿ, ಮೊನ್ನೆಮೊನ್ನೆಯವರೆಗೆ ರಮ್ಮಿ ಆ್ಯಪ್. ಅಕ್ಷಯ್ ಕುಮಾರ್ 2022ರ ಏಪ್ರಿಲ್‌ನಲ್ಲಿ ಅಂಥ ಏಲಕ್ಕಿ ಜಾಹೀರಾತಿಗೆ ಕ್ಷಮೆ ಕೇಳಿ ಹೊರಬಂದರು. ಅದೇ ವರ್ಷ ಯಶ್ ದೊಡ್ಡ ಮೊತ್ತದ ಪಾನ್ ಮಸಾಲಾ ಜಾಹೀರಾತು ಬೇಡ ಅಂದರು. ರಾಜ್‌ಕುಮಾರ್ ಅವರಂತೂ ನಂದಿನಿ ಹಾಲಿಗೆ ದುಡ್ಡು ತಗೊಳ್ಳದೆ ಬಂದರು, ಮಗ ಪುನೀತ್ ಕೂಡ ಅದನ್ನೇ ಮುಂದುವರಿಸಿದರು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟ, ಅದರ ಜಾಹೀರಾತು ಎರಡನ್ನೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ತಂದು ನಿಷೇಧಿಸಿತು. ಅಷ್ಟರಲ್ಲಿ ಎಷ್ಟು ಹುಡುಗರು ಸಾಲ ಮಾಡಿಕೊಂಡಿದ್ದರೋ. ಬಾಸ್ ಹೇಳಿದ ಅಂತ ಮಗ ಯಾವುದಕ್ಕೆ ದುಡ್ಡು ಹಾಕುತ್ತಿದ್ದಾನೆ, ಅದನ್ನು ಖಂಡಿತ ವಿಚಾರಿಸಿ.

ಈಗ ನಿಮ್ಮ ಮನೆಯ ಮಾತು. ಪೋಸ್ಟರ್ ಹರಿಯಬೇಡಿ, ಹೀರೋಗೆ ಬೈಯಬೇಡಿ. ಬೈದರೆ ಅವನು ಸಂಘಕ್ಕೆ ಇನ್ನೂ ಅಂಟಿಕೊಳ್ಳುತ್ತಾನೆ. ಸಂಘದ ಅಧ್ಯಕ್ಷ ಯಾರು, ವಯಸ್ಸೆಷ್ಟು, ಏನು ಕೆಲಸ ಮಾಡುತ್ತಾನೆ ತಿಳಿದುಕೊಳ್ಳಿ. ಒಂದು ಭಾನುವಾರ ಆ ಹುಡುಗರನ್ನೆಲ್ಲ ಮನೆಗೆ ಕರೆದು ಉಪ್ಪಿಟ್ಟು, ಮಂಡಕ್ಕಿ ಏನಾದರೂ ಕೊಡಿ. ಅರ್ಧ ಗಂಟೆ ಅವರ ಮಾತು ಕೇಳಿದರೆ ನಿಮಗೇ ಗೊತ್ತಾಗುತ್ತದೆ ಎಂಥ ಗುಂಪು ಅಂತ. ಕರೆದರೂ ಅಧ್ಯಕ್ಷ ಬರಲಿಲ್ಲ ಅಂದರೆ ಅದೂ ಒಂದು ಉತ್ತರವೇ. ಕಟೌಟ್ ನಿಲ್ಲಿಸುವ ಕೆಲಸಕ್ಕೆ, ಅದರಲ್ಲೂ ರಾತ್ರಿ ಹೊತ್ತು, ಹೋಗಕೂಡದು ಅಂತ ಖಡಾಖಂಡಿತ ಹೇಳಿ. ಇದೊಂದರಲ್ಲಿ ಚೌಕಾಸಿ ಬೇಡ.

ಬೆಂಗಳೂರಿಗೆ? ನನ್ನ ಮಗನಾಗಿದ್ದರೆ ಈ ಸಲ ಕಳಿಸುತ್ತಿರಲಿಲ್ಲ. 2025ರ ಜೂನ್ 4ರಂದು ಆರ್‌ಸಿಬಿ ಗೆದ್ದ ಸಂಭ್ರಮಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಸೇರಿದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ನಿಮ್ಮ ಮಗನಂಥ ಎಳೆಯರೂ ಅವರಲ್ಲಿದ್ದರು. ಗೇಟಿನ ಮುಂದೆ ನೂಕುನುಗ್ಗಲು ಆದರೆ ಯಾರ ಅಭಿಮಾನಿಯಾದರೂ ಒಂದೇ. ಬದಲಿಗೆ ಹೊಸ ಸಿನಿಮಾ ಬಂದಾಗ ಫಸ್ಟ್ ಡೇ ಫಸ್ಟ್ ಶೋಗೆ ಊರಲ್ಲೇ ಟಿಕೆಟ್ ತೆಗೆಸಿಕೊಡಿ. ಆಗುವುದಾದರೆ ನೀವೂ ಹೋಗಿ. ವಿಸಿಲ್ ಹೊಡೆಯೋಕೆ ಬರದಿದ್ದರೆ ಅವನೇ ಕಲಿಸುತ್ತಾನೆ.