ಕಲ್ಲು, ಕಂಬಳಿ, ಕಂಪ್ಯೂಟರ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ದಾವಣಗೆರೆಲಿ ಆರ್ಕಿಟೆಕ್ಚರ್ ಕೊನೇ ವರ್ಷ ಓದ್ತಿದೀನಿ. ನಮ್ಮ ಸೋದರಮಾವ ಚಿತ್ರದುರ್ಗದ ಹತ್ರ ಕಲ್ಲು ಒಡೆಸ್ತಾರೆ. ಥೀಸಿಸ್‌ಗೆ ಕಲ್ಲಲ್ಲೇ ಏನಾದ್ರೂ ಹೊಸದು ಮಾಡೋ ಆಸೆ, ಆದ್ರೆ ಕ್ಲಾಸಲ್ಲಿ ಎಲ್ರೂ ಕಂಪ್ಯೂಟರಲ್ಲಿ ಬಳುಕೋ ಬಿಲ್ಡಿಂಗ್ ಮಾಡ್ತಾ ಕಲ್ಲು ಹಳೇ ಕಾಲದ್ದು ಅಂತಾರೆ. ಎರಡೂ ಕೂಡುತ್ತಾ?

ಉತ್ತರ: ಚೆನ್ನಾಗೇ ಕೂಡುತ್ತಮ್ಮ. 2016ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ತಂಡದವರು ಆರ್ಮಡಿಲೊ ವಾಲ್ಟ್ ಅಂತ ಒಂದು ಕಲ್ಲಿನ ಚಾವಣಿ ನಿಲ್ಲಿಸಿದ್ರು, 399 ಸುಣ್ಣಕಲ್ಲಿನ ತುಂಡು, ನಡುವೆ ಗಾರೆ ಇಲ್ಲ ಅಂಟೂ ಇಲ್ಲ, ಕೆಲವು ಕಡೆ ದಪ್ಪ ಬರೀ 5 ಸೆಂಟಿಮೀಟರ್. ಕಲ್ಲು ಒತ್ತಿದ್ರೆ ತಡಿಯುತ್ತೆ, ಎಳೆದ್ರೆ ಬಿರಿಯುತ್ತೆ, ಅದಕ್ಕೆ ಭಾರವೆಲ್ಲ ಬರೀ ಒತ್ತಡವಾಗಿ ಕಲ್ಲಿಂದ ಕಲ್ಲಿಗೆ ಇಳಿಯೋ ಆಕಾರವನ್ನ ಕಂಪ್ಯೂಟರಲ್ಲಿ ಹುಡುಕಿದ್ರು. ಇದರ ಮೂಲ ಹಳೇದೇ, ನೇತಾಡೋ ಸರಪಳಿಯನ್ನ ತಲೆಕೆಳಗು ಮಾಡಿದ್ರೆ ಕಮಾನು ಸಿಗುತ್ತೆ ಅಂತ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಕಂಡುಕೊಂಡಿದ್ದ.

ನನಗೆ ಇದರಲ್ಲಿ ತುಂಬಾ ಇಷ್ಟ ಆಗಿದ್ದು ಬೇರೆ. ಟೆಕ್ಸಾಸ್‌ನ ಕಲ್ಲುಕೆಲಸದವರೂ ಜೊತೆಗಿದ್ರು, ಕಲ್ಲನ್ನ ಮಗುಚಿ ಎರಡೂ ಕಡೆ ಕೊರೆದ್ರೆ ಟೈಮ್ ಹಿಡಿಯುತ್ತೆ ಅಂತ ಹೊರಮೈಯನ್ನ ಚಪ್ಪಟೆನೇ ಇಟ್ಟು ಒಳಮೈಲಿ ಗರಗಸದ ಗೆರೆ ಹಾಗೇ ಬಿಟ್ರು, ಅಂದ್ರೆ ಕೆಲಸ ಮಾಡೋ ಕೈ ನೋಡ್ಕೊಂಡು ಡಿಸೈನೇ ಬದಲಾಯ್ತು. ನೀವೂ ಮೊದಲು ಮಾವನ ಹತ್ರ ಹೋಗಿ ಕೂತ್ಕೊಳ್ಳಿ. ಕಲ್ಲು ಯಾವ ದಿಕ್ಕಿಗೆ ಸಲೀಸಾಗಿ ಸೀಳುತ್ತೆ, ಎಷ್ಟು ಅಳತೆ ತುಂಡು ಬರುತ್ತೆ, ಎಷ್ಟು ಒಡೆದು ಹಾಳಾಗುತ್ತೆ ಅಂತ ಕೇಳಿ ಬರ್ಕೊಂಡು ಆಮೇಲೆ ಕಂಪ್ಯೂಟರಲ್ಲಿ ಆಕಾರ ಮಾಡೋ ಗ್ರಾಸ್‌ಹಾಪರ್ ಸಾಫ್ಟ್‌ವೇರ್ ತೆಗೀರಿ. ನಮ್ಮ ಗ್ರಾನೈಟ್ ಸುಣ್ಣಕಲ್ಲಿಗಿಂತ ಬಹಳ ಗಟ್ಟಿ, ಮೈಯೆಲ್ಲ ಬಾಗಿಸಿ ಕೊರೆಸೋಕೆ ಹೋದ್ರೆ ಖರ್ಚು ಕೈಗೆ ಸಿಗಲ್ಲ, ಮುಖ ಚಪ್ಪಟೆ ಇರ್ಲಿ, ತಿರುವನ್ನ ಸಂದಿಯ ಕೋನದಲ್ಲಿ ತನ್ನಿ. ಚಂದಕ್ಕೆ ಆಕಾರ ಬರೆದು ಕೊನೇಲಿ ಕಲ್ಲಿನವರಿಗೆ ರೇಟ್ ಕೇಳೋ ಪದ್ಧತಿ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ದುರ್ಗದ ಕೋಟೆಗೂ ಒಮ್ಮೆ ಹೋಗಿ, ಗೋಡೆಲಿ ಕಲ್ಲನ್ನ ಪಕ್ಕದ ಕಲ್ಲಿಗೆ ಹೊಂದಿಸಿ ಕೂರಿಸಿದ್ದನ್ನ ಸಂದಿ ಸಂದಿ ನೋಡಿ.

ಒಂದು ಎಚ್ಚರ, ಇಂಥ ಕಮಾನು ಬುಡದಲ್ಲಿ ಹೊರಗೆ ಒದೆಯುತ್ತೆ, ವೆನಿಸ್‌ನಲ್ಲಿ ಅದನ್ನ ಕಬ್ಬಿಣದ ಪಟ್ಟಿ ಎಳೆದು ಹಿಡಿದಿದ್ರು. ಮೊದಲು ತ್ರೀಡಿ ಪ್ರಿಂಟ್ ತುಂಡುಗಳಲ್ಲಿ ಅಂಟು ಹಾಕದೆ ಮಾಡೆಲ್ ನಿಲ್ಲಿಸಿ. ಇಲ್ಲಿ ಆಟ ಎಲ್ಲ ಆಕಾರದ್ದು, ಚಿಕ್ಕದ್ರಲ್ಲೇ ಬಿದ್ರೆ ದೊಡ್ಡದೂ ಬೀಳುತ್ತೆ. ಚಿಕ್ಕದು ನಿಂತ್ರೂ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಅದರ ಕೆಳಗೆ ಯಾರನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮದು ಚಳ್ಳಕೆರೆ, ಮನೇಲಿ ಕಂಬಳಿ ನೇಯ್ತೀವಿ. ಬಟ್ಟೆ ಮೇಲೆ ಕಾಂಕ್ರೀಟ್ ಹಾಕ್ತಾರಂತೆ, ಕಂಬಳಿ ಆಗುತ್ತಾ?

ಉತ್ತರ: ಹಾಕ್ತಾರೆ, 2018ರಲ್ಲಿ ಮೆಕ್ಸಿಕೊ ಸಿಟಿಲಿ ನಿಟ್‌ಕ್ಯಾಂಡೆಲಾ ಅಂತ ಒಂದು ಚಾವಣಿ ಮಾಡಿದ್ರು, ಮಷೀನಲ್ಲಿ ಹೆಣೆದ ಬಟ್ಟೆನ ಸೂಟ್‌ಕೇಸಲ್ಲಿ ಒಯ್ದು, ಬಿಗಿಯಾಗಿ ಎಳೆದು ಕಟ್ಟಿ, 5 ಟನ್‌ಗೂ ಮೇಲೆ ತೂಗೋ ಕಾಂಕ್ರೀಟ್ ಚಿಪ್ಪನ್ನ ಅದರ ಮೇಲೆ ಹಾಕಿದ್ರು. ಆದ್ರೆ ಉಣ್ಣೆ ಬೇಡಪ್ಪ, ಸಿಮೆಂಟಿನ ಕ್ಷಾರ ಅದನ್ನ ತಿನ್ನುತ್ತೆ. ಕಂಬಳಿನ ಒಳಗೋಡೆಗೆ ಕಟ್ಟಿ, ಹಾಲ್‌ಗಳಲ್ಲಿ ಗುಂಯ್ ಅನ್ನೋ ಸದ್ದು ಹೀರ್ಕೊಳ್ಳುತ್ತೆ, ನುಸಿ ಹತ್ತದ ಹಾಗೆ ನೋಡ್ಕೊಂಡ್ರೆ ಸಾಕು.