ಗರ್ಭಿಣಿಗೆ ಆರ್‌ಎಸ್‌ವಿ ಲಸಿಕೆಯೋ, ಮಗುವಿಗೆ ಆಂಟಿಬಾಡಿಯೋ?

ಮೇಡಂ, ಅಮೆರಿಕದಲ್ಲಿರುವ ನಿಮ್ಮ ಮಗಳಿಗೆ 33 ವಾರ, ಈ ಅಕ್ಟೋಬರ್‌ನಲ್ಲಿ ಆರ್‌ಎಸ್‌ವಿ (ಶಿಶುಗಳ ಶ್ವಾಸಕೋಶಕ್ಕೆ ಸೋಂಕು ತರುವ ವೈರಸ್) ಲಸಿಕೆ ಹಾಕಿಸಿದರೆ ದಿನ ತುಂಬುವ ಮೊದಲೇ ಹೆರಿಗೆ ಆಗುತ್ತದಾ ಎಂದು ಕೇಳಿದ್ದೀರಿ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಜಿಎಸ್‌ಕೆ ಕಂಪನಿ ಗರ್ಭಿಣಿಯರಲ್ಲಿ ನಡೆಸುತ್ತಿದ್ದ ಪ್ರಯೋಗ 2022ರಲ್ಲಿ ಇದೇ ಕಾರಣಕ್ಕೆ ನಿಂತಿತು. ಈಗ ಗರ್ಭಿಣಿಯರಿಗೆ ಕೊಡುವುದು ಫೈಜರ್‌ನ ಅಬ್ರಿಸ್ವೋ. ಅದರ ಪ್ರಯೋಗದಲ್ಲಿ ಅವಧಿಗೆ ಮುಂಚಿನ ಹೆರಿಗೆ ಲಸಿಕೆ ಪಡೆದವರಲ್ಲಿ ಶೇ. 5.7, ಉಳಿದವರಲ್ಲಿ ಶೇ. 4.7. ಇಷ್ಟು ಅಂತರ ಆಕಸ್ಮಿಕವೂ ಇರಬಹುದು. ಆದರೂ ಎಚ್ಚರಿಕೆಗೆಂದೇ ಅಲ್ಲಿ 32 ವಾರ ತುಂಬಿದ ಮೇಲೆ, 36 ವಾರ 6 ದಿನದೊಳಗೆ ಮಾತ್ರ ಹಾಕುತ್ತಾರೆ. ಬಿಪಿ ಏರಿದ್ದರೆ, ಹಿಂದೆ ಬೇಗ ಹೆರಿಗೆ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಲಿ.

ಚುಚ್ಚುವ ಮುಂಚೆ ಡಬ್ಬಿಯ ಮೇಲಿನ ಹೆಸರನ್ನು ಮಗಳೇ ಓದಲಿ, ದಯವಿಟ್ಟು. ಜಿಎಸ್‌ಕೆಯ ಅರೆಕ್ಸ್‌ವಿ ಎಂಬ ಆರ್‌ಎಸ್‌ವಿ ಲಸಿಕೆ ಗರ್ಭಿಣಿಯರದಲ್ಲ, ಅದನ್ನು ತಪ್ಪಿ ಕೊಟ್ಟ ಪ್ರಕರಣಗಳು ಅಲ್ಲಿ ನಡೆದಿವೆ.

ಲಸಿಕೆ ಹಾಕಿ 14 ದಿನದೊಳಗೆ ಹೆರಿಗೆಯಾದರೆ ತಾಯಿಯ ಆಂಟಿಬಾಡಿ (ವೈರಸ್ ವಿರುದ್ಧ ಹೋರಾಡುವ ಪ್ರೋಟೀನ್) ಮಗುವಿಗೆ ಸಾಕಷ್ಟು ದಾಟಿರುವುದಿಲ್ಲ. ಆಗ ಮಗುವಿಗೆ ನಿರ್ಸೆವಿಮ್ಯಾಬ್ ಕೊಡಬೇಕು: 5 ಕೆಜಿಗಿಂತ ಕಡಿಮೆ ತೂಕಕ್ಕೆ 50 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ ಒಂದೇ ಚುಚ್ಚುಮದ್ದು. ಇದು ಸಿದ್ಧ ಆಂಟಿಬಾಡಿ, ಲಸಿಕೆಯಲ್ಲ. ಕೆಲವೇ ಮಕ್ಕಳಲ್ಲಿ ದದ್ದು, ಚುಚ್ಚಿದ ಜಾಗದಲ್ಲಿ ಊತ ಬರುತ್ತದೆ. ಮಗಳಿಗೆ ಲಸಿಕೆ ಬೇಡವೆನಿಸಿದರೂ ಇದೇ ದಾರಿ. ಸಾಮಾನ್ಯವಾಗಿ ಎರಡೂ ಬೇಕಾಗುವುದಿಲ್ಲ.